ಮನೆಕೆಲಸಕ್ಕೆ ಹೊಸಬರನ್ನು ಇಡುವುದಾ, ನಾವೇ ಮಾಡಿಕೊಂಡು ಹೋಗುವುದಾ?

ಪ್ರಶ್ನೆ: ಕೊಟ್ಟಾರ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂವರದ್ದು ಮೂರು ಅಭಿಪ್ರಾಯ ಆಗಿದೆ. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ಎರಡು ಬೆಡ್‌ರೂಮಿನ ಫ್ಲ್ಯಾಟು. ನಾನು, ಗಂಡ, ಅತ್ತೆ, ಇಬ್ಬರು ಮಕ್ಕಳು. ಮಗಳು ಎಂಟನೇ ಕ್ಲಾಸು, ಮಗ ಐದನೇ ಕ್ಲಾಸು. ನನಗೆ ಹಂಪನಕಟ್ಟೆಯಲ್ಲಿ ಬ್ಯಾಂಕ್ ಕೆಲಸ. ಇವರದ್ದು ಬೈಕಂಪಾಡಿಯಲ್ಲಿ ಶಿಫ್ಟು. ಅತ್ತೆಗೆ ಮೊಣಕಾಲು ನೋವು, ಬಗ್ಗಿ ಮಾಡುವ ಕೆಲಸ ಯಾವುದೂ ಆಗುವುದಿಲ್ಲ.

ತುಂಬಾ ವರ್ಷದಿಂದ ಕಾವೂರು ಕಡೆಯಿಂದ ಒಬ್ಬ ಅಕ್ಕ ಬರುತ್ತಿದ್ದರು. ಈ ಸಲ ಮಳೆಗಾಲಕ್ಕೆ ಸ್ವಲ್ಪ ಮೊದಲು ಮಗಳ ಬಾಣಂತನಕ್ಕೆ ಅಂತ ಬೆಳ್ತಂಗಡಿಗೆ ಹೋದರು. ಆಮೇಲೆ ಫೋನ್ ಮಾಡಿ, ಮೊಮ್ಮಗುವನ್ನು ನೋಡಿಕೊಂಡು ಅಲ್ಲೇ ಇರುತ್ತೇನೆ ಅಂದರು. ಅವರಿಗೆ ಒಳ್ಳೆಯದೇ ಆಯಿತು. ಅಂದಿನಿಂದ ನಾವೇ ಮಾಡಿಕೊಳ್ಳುತ್ತಿದ್ದೇವೆ.

ಶುರುವಿನಲ್ಲಿ ಕಷ್ಟ ಆಯಿತು. ಈಗ ಒಂದು ಹದಕ್ಕೆ ಬಂದಿದೆ. ಬೆಳಿಗ್ಗೆ ಮಗಳು ಗುಡಿಸುತ್ತಾಳೆ. ಮಗ ಒಗೆದ ಬಟ್ಟೆ ಒಣಗಿಸಿ ಮಡಚಿಡುತ್ತಾನೆ. ರಾತ್ರಿಯ ಪಾತ್ರೆ ಇವರದ್ದು, ಶಿಫ್ಟ್ ಇದ್ದರೆ ನನ್ನದು. ಒರಸುವುದು, ಬಾತ್‌ರೂಮು, ಫ್ಯಾನು, ಕಿಟಕಿ ಎಲ್ಲಾ ನನ್ನ ಪಾಲಿಗೆ. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ ಇರುತ್ತದಲ್ಲ, ಅದು ಪೂರ್ತಿ ಇದರಲ್ಲೇ ಹೋಗುತ್ತದೆ. ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು ಬಂತು. ಬೆಲ್ಟು, ಚಪ್ಪಲಿ, ಮಗಳ ಭರತನಾಟ್ಯದ ಗೆಜ್ಜೆಯ ಚರ್ಮ, ಒಂದೂ ಉಳಿಯಲಿಲ್ಲ. ಅದನ್ನೆಲ್ಲ ಒರಸಿ ಒಣಗಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು.

ಈಗ ನಮ್ಮದೇ ಬಿಲ್ಡಿಂಗಿನ ಇನ್ನೊಂದು ಮನೆಗೆ ಬರುವವರು ನಮ್ಮಲ್ಲಿಗೂ ಬರುತ್ತೇನೆ ಅಂದಿದ್ದಾರೆ. ಗುಡಿಸಿ, ಒರಸಿ, ಪಾತ್ರೆ ತೊಳೆಯುವುದಕ್ಕೆ ತಿಂಗಳಿಗೆ 4000. ಬಾತ್‌ರೂಮಿಗೆ ಬೇರೆ.

ಅತ್ತೆ ಹೇಳುವುದು, ನಾಳೆಯಿಂದಲೇ ಬರಲಿ ಅಂತ. ಇವರು ಹೇಳುವುದು, ಆ ದುಡ್ಡಿಗೆ ಪಾತ್ರೆ ತೊಳೆಯುವ ಮೆಷಿನ್ ಮತ್ತು ನೆಲ ಗುಡಿಸುವ ರೋಬೋ ಕಂತಿನಲ್ಲಿ ತೆಗೆದುಕೊಳ್ಳೋಣ ಅಂತ. ನನ್ನ ಚಿಂತೆ ಬೇರೆ. ಮಕ್ಕಳು ಇಷ್ಟು ಕಲಿತದ್ದು ಜನ ಬಂದ ಕೂಡಲೇ ಬಿಟ್ಟುಹೋಗುತ್ತದಾ? ಮತ್ತೆ, ಇನ್ನೊಬ್ಬ ಹೆಂಗಸಿನ ಕೈಯಲ್ಲಿ ನಮ್ಮ ಟಾಯ್ಲೆಟ್ ಉಜ್ಜಿಸುವುದು ಸರಿಯಾ ಅಂತ ಮಗಳು ಕೇಳಿದಳು. ನನಗೆ ಉತ್ತರ ಹೇಳಲಿಕ್ಕೆ ಆಗಲಿಲ್ಲ.

ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಸುರತ್ಕಲ್

ಮೆಷಿನ್ ಬಗ್ಗೆ ಮಾತ್ರ ಹೇಳುತ್ತೇನೆ, ನಮ್ಮ ಮನೆಯಲ್ಲಿ ಎರಡೂ ಉಂಟು.

ಪಾತ್ರೆ ಮೆಷಿನ್ ಒಳ್ಳೆಯದೇ. ಸ್ಟೀಲಿನ ತಟ್ಟೆ, ಲೋಟ, ಗಾಜು, ಪಿಂಗಾಣಿ ಚಂದ ಮಾಡಿ ತೊಳೆಯುತ್ತದೆ. ಆದರೆ ನಮ್ಮ ಕಡೆಯ ಅಡುಗೆಮನೆಯ ಅರ್ಧ ಪಾತ್ರೆ ಅದರೊಳಗೆ ಹೋಗುವಂಥದ್ದಲ್ಲ. ಮೀನು ಸಾರಿನ ಮಣ್ಣಿನ ಮಡಕೆ ಸೋಪು ಕುಡಿಯುತ್ತದೆ. ಕಬ್ಬಿಣದ ದೋಸೆ ಕಾವಲಿ ಹಾಕಿದರೆ ತುಕ್ಕು, ಅಲ್ಯೂಮಿನಿಯಂ ಕುಕ್ಕರ್ ಹಾಕಿದರೆ ಕಪ್ಪು. ಗ್ರೈಂಡರಿನ ಕಲ್ಲು ಹೇಗೂ ಕೈಯಲ್ಲೇ. ಕುಚ್ಚಲಕ್ಕಿ ಗಂಜಿ ಒಣಗಿ ಹಿಡಿದಿದ್ದರೆ ಮೊದಲು ಕೆರೆದು ಹಾಕಬೇಕು. ಒಂದು ಸಲ ಹಾಕಿದರೆ ಮುಗಿಯಲಿಕ್ಕೆ ಎರಡು ಗಂಟೆಗಿಂತ ಜಾಸ್ತಿ, ಮಧ್ಯದಲ್ಲಿ ಕರೆಂಟ್ ಹೋದರೆ ಕಾಯಬೇಕು. ಉಪ್ಪು ಗಾಳಿಗೆ ನಮ್ಮದರ ಹಿಂದಿನ ತಗಡು ಆಗಲೇ ತುಕ್ಕು ಹಿಡಿದಿದೆ. ನೀವು ಕೊಟ್ಟಾರದಲ್ಲಿ ಇರುವುದರಿಂದ ಅಷ್ಟು ಆಗಲಿಕ್ಕಿಲ್ಲ.

ರೋಬೋ ಹೊಸ್ತಿಲು ದಾಟುವುದಿಲ್ಲ. ಚಪ್ಪಟೆ ನೆಲ, ಸಾಮಾನು ಕಡಿಮೆ ಇರುವ ಕೋಣೆಗೆ ಸರಿ. ಮಳೆಗಾಲದಲ್ಲಿ ಒದ್ದೆ ಕಾಲಿನ ಕೆಸರಿಗೆ ಅದು ಪ್ರಯೋಜನ ಇಲ್ಲ. ಬಾತ್‌ರೂಮಿಗೂ ಇಲ್ಲ. ಸೊಂಟ ಹಿಡಿಯುವುದು ಅಲ್ಲೇ ತಾನೇ? ನಿಮ್ಮ ಯಜಮಾನರಿಗೆ ಇದನ್ನು ತೋರಿಸಿ.

ಉತ್ತರ: ಕುಂಜಿಬೆಟ್ಟು, ಉಡುಪಿ

ನಾನು ನಿವೃತ್ತ ಹೈಸ್ಕೂಲ್ ಟೀಚರ್. ನಮ್ಮದು ಹಂಚಿನ ಮನೆ, ನೆಲಕ್ಕೆ ಕೆಂಪು ರೆಡ್ ಆಕ್ಸೈಡ್. ಇಷ್ಟು ವರ್ಷವೂ ಮನೆಯೊಳಗಿನ ಕೆಲಸ ನಾನೂ ನಮ್ಮವರೂ ಮಾಡಿಕೊಂಡು ಬಂದಿದ್ದೇವೆ. ಅಂಗಳದ ಪಾಚಿ ತೆಗೆಯಲಿಕ್ಕೆ ಮಾತ್ರ ಮಳೆ ಬಿಟ್ಟ ಮೇಲೆ ಜನ ಕರೆಸುತ್ತೇವೆ.

ಮಕ್ಕಳ ಕೈಯಿಂದ ಕೆಲಸ ತಪ್ಪಿಸಬೇಡಿ ಮಗಾ. ಅದರಲ್ಲೂ ಮಗನ ಕೈಯಿಂದ. ಕೇಂದ್ರ ಸರ್ಕಾರ 2024ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ ಅಂತ ಬಂದಿದೆ. ಜನ ಇಟ್ಟರೂ ಇಡದಿದ್ದರೂ ಈ ಲೆಕ್ಕ ಮನೆಯೊಳಗೆ ಸರಿಯಾಗಬೇಕು. ನೀವು ಬರೆದದ್ದು ನೋಡಿ: ಒರಸುವುದು, ಬಾತ್‌ರೂಮು, ಫ್ಯಾನು, ಕಿಟಕಿ, ಬೂಷ್ಟು, ಎಲ್ಲಾ ನಿಮಗೇ. ನಿಮ್ಮ ಯಜಮಾನರಿಗೆ ಪಾತ್ರೆ ಮಾತ್ರ, ಅದೂ ಶಿಫ್ಟ್ ಇಲ್ಲದಾಗ. ಇದನ್ನು ಮೊದಲು ಹಂಚಿಕೊಳ್ಳಿ. ಆಮೇಲೂ ಉಳಿದ ಕೆಲಸಕ್ಕೆ ಜನ ಬೇಕಾ ಅಂತ ನೋಡಿ.

ಬೂಷ್ಟಿಗೆ ಒಂದು ಮಾತು. ಕಪಾಟನ್ನು ಗೋಡೆಗೆ ಒತ್ತಿ ಇಡಬೇಡಿ, ಕೈ ಹೋಗುವಷ್ಟು ಜಾಗ ಬಿಡಿ. ಬಿಸಿಲು ಬಂದ ದಿನ ಬಾಗಿಲು ಪೂರ್ತಿ ತೆಗೆದಿಡಿ.

ಉತ್ತರ: ಬ್ರಹ್ಮಾವರ

ನಿಮ್ಮ ಮಗಳು ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳಬೇಕು ಅನಿಸಿತು. ಯಾಕೆಂದರೆ ನನ್ನ ಅಮ್ಮ ಮಂಗಳೂರಿನಲ್ಲಿ ಮನೆಕೆಲಸ ಮಾಡಿಯೇ ನಮ್ಮನ್ನು ಸಾಕಿದ್ದು. ಕದ್ರಿ, ಬೆಂದೂರು ಕಡೆಯ ಮನೆಗಳು. ಬೆಳಿಗ್ಗೆ ಅಲ್ಲಿ ಕೆಲಸ, ಸಂಜೆ ಮನೆಗೆ ಬಂದು ಬೀಡಿ ಕಟ್ಟುವುದು. ನಾನು ಈಗ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಅಮ್ಮ ಈಗ ನನ್ನ ಜೊತೆ ಇಲ್ಲೇ ಇದ್ದಾರೆ. ನಿಮ್ಮ ಪ್ರಶ್ನೆಯನ್ನು ಅವರಿಗೂ ಓದಿ ಹೇಳಿದೆ.

ಇಡುವುದರಲ್ಲಿ ತಪ್ಪಿಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ. ಪಾಪ, ಅವರ ಕೈಯಲ್ಲಿ ಯಾಕೆ ಮಾಡಿಸುವುದು ಅಂತ ಒಳ್ಳೆಯ ಮನಸ್ಸಿನವರೆಲ್ಲ ಜನ ಬಿಟ್ಟುಬಿಟ್ಟರೆ, ಅಮ್ಮನಂಥವರಿಗೆ ಉಳಿಯುವುದು ಆ ಯೋಚನೆಯೇ ಇಲ್ಲದವರ ಮನೆ ಮಾತ್ರ. ಟಾಯ್ಲೆಟ್ ಉಜ್ಜುವುದು ಅಮ್ಮನಿಗೆ ಯಾವತ್ತೂ ಅವಮಾನ ಅನಿಸಿದ್ದಿಲ್ಲ. ಬೇಸರ ಆಗುತ್ತಿದ್ದದ್ದು ಬೇರೆ ವಿಷಯಕ್ಕೆ.

ಬೀಡಿಯದ್ದು ಹೇಳುತ್ತೇನೆ, ಆಗ ನಿಮಗೆ ಅರ್ಥ ಆಗುತ್ತದೆ. ಬೀಡಿ ಕಟ್ಟುವುದು ಕೂತು ಮಾಡುವ ಕೆಲಸ, ಮನೆಯಲ್ಲೇ. ಅದಕ್ಕೆ ಪುಸ್ತಕ ಇತ್ತು. ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟ ಲೆಕ್ಕ ಅದರಲ್ಲಿ ಬರೆದುಕೊಡುತ್ತಿದ್ದರು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಪಿಎಫ್ ಇತ್ತು. ಬೀಡಿ ಕೆಲಸದವರ ಕಲ್ಯಾಣ ನಿಧಿಗೆ 1976ರಿಂದ ಕಾನೂನೇ ಉಂಟು. ಅದರ ಸ್ಕಾಲರ್‌ಶಿಪ್‌ನಲ್ಲಿ ನಾನು ಪಿಯುಸಿ ಪುಸ್ತಕ ತೆಗೆದುಕೊಂಡೆ. ಮನೆಕೆಲಸ ಅದಕ್ಕಿಂತ ಎಷ್ಟೋ ಕಷ್ಟದ್ದು. ಅದಕ್ಕೆ ಏನೂ ಇರಲಿಲ್ಲ. ಪುಸ್ತಕ ಇಲ್ಲ, ರಜೆ ಇಲ್ಲ, ಬಿಟ್ಟು ಬರುವಾಗ ಕೈಗೆ ಒಂದು ರೂಪಾಯಿ ಇಲ್ಲ. ಒಂದೇ ಹೆಂಗಸು, ಒಂದೇ ದಿನ, ಎರಡು ಕೆಲಸ. ಒಂದು ಕೆಲಸ ಅಂತ ಲೆಕ್ಕಕ್ಕೆ ಬಂತು, ಇನ್ನೊಂದು ಬರಲಿಲ್ಲ. ಮನೆಕೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿದ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು, 2004ರಲ್ಲಿ. ಅಮ್ಮ ಹೋಗುತ್ತಿದ್ದ ಮನೆಗಳಲ್ಲಿ ಅದರ ಸುದ್ದಿ ಯಾರೂ ಎತ್ತಿದ್ದಿಲ್ಲ.

ಹಾಗಾಗಿ ನೀವು ಜನ ಇಡುವುದಾದರೆ ಅದನ್ನು ಒಂದು ಉದ್ಯೋಗ ಅಂತಲೇ ಇಡಿ. ನಿಮ್ಮ ಬ್ಯಾಂಕಿನಲ್ಲಿ ನಿಮಗೆ ಇರುವ ಹಾಗೆ.

ರಜೆ ಮೊದಲು. ವಾರಕ್ಕೆ ಒಂದು ದಿನ ರಜೆ, ಸಂಬಳ ಹಿಡಿಯಬಾರದು. ಮಾರ್ಚಿನಿಂದ ಮೇವರೆಗೆ ನೇಮ (ದೈವದ ಕೋಲ), ಮದುವೆ, ಗೃಹಪ್ರವೇಶ ಅಂತ ನಮ್ಮ ಜನಕ್ಕೆ ರಜೆ ಬೇಕಾಗುತ್ತದೆ. ಮೇ ಕೊನೆಗೆ ಪತ್ತನಾಜೆ, ಅಂದರೆ ನೇಮಗಳೆಲ್ಲ ಮುಗಿಯುವ ದಿನ, ಕಳೆದ ಮೇಲೆ ತಾನಾಗಿ ಕಡಿಮೆ ಆಗುತ್ತದೆ. ಕುಟುಂಬದ ಮನೆಯ ನೇಮಕ್ಕೆ ಹೋಗುವುದನ್ನು ನೆಪ ಅಂತ ತಿಳಿಯಬೇಡಿ. ವರ್ಷಕ್ಕೆ ಇಷ್ಟು ದಿನ ಅಂತ ಶುರುವಿನಲ್ಲೇ ಮಾತಾಡಿಕೊಂಡರೆ ಇಬ್ಬರಿಗೂ ಮಂಡೆಬಿಸಿ ಇಲ್ಲ. ನೀವು ಊರಿಗೆ ಹೋಗಿ ಮನೆಗೆ ಬೀಗ ಹಾಕಿದ ದಿನದ ಸಂಬಳವನ್ನೂ ಕೊಡಿ. ಕೆಲಸ ಇಲ್ಲದ್ದು ನಿಮ್ಮಿಂದ, ಅವರಿಂದ ಅಲ್ಲ. ದೀಪಾವಳಿಗೋ ಕ್ರಿಸ್ಮಸ್ಸಿಗೋ, ಅವರ ಹಬ್ಬ ಯಾವುದೋ ಅದಕ್ಕೆ ಒಂದು ತಿಂಗಳ ಸಂಬಳ. ಹಳೆ ಸೀರೆ ಬೋನಸ್ ಅಲ್ಲ.

ಬಸ್ಸು ಕೇಳಿ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಫ್ರೀ ಅಂತ ಎಲ್ಲರೂ ಹೇಳುತ್ತಾರೆ. ಅದು ಸರ್ಕಾರಿ ಬಸ್ಸಿಗೆ. ಮಂಗಳೂರು ಸಿಟಿಯಲ್ಲಿ ಓಡುವುದು ಹೆಚ್ಚಿನದ್ದು ಖಾಸಗಿ ಬಸ್ಸು, ಅದಕ್ಕೆ ಟಿಕೆಟ್ ಕೊಡಲೇಬೇಕು. ಎರಡು ಬಸ್ಸು ಹಿಡಿದು ಬರುವವರಾದರೆ ತಿಂಗಳ ಕೊನೆಗೆ ಅದು ಸಣ್ಣ ಮೊತ್ತ ಅಲ್ಲ. ನಿಮಗೆ ಬರುವವರು ಅದೇ ಬಿಲ್ಡಿಂಗಿಗೆ ಬರುವುದರಿಂದ ಸುಲಭ, ಆದರೂ ಒಮ್ಮೆ ಕೇಳಿ.

ಇನ್ನು ಕೆಲಸ. ಏನೇನು ಅಂತ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ. ನೀವೆಲ್ಲ ಹೊರಗೆ ಹೋದ ಮೇಲೆ ಅತ್ತೆ ಮನೆಯಲ್ಲಿ ಒಬ್ಬರೇ ಇರುತ್ತಾರಲ್ಲ. ದೊಡ್ಡವರಿಗೆ ಬೇಜಾರು, ಮಾತಿಗೆ ಜನ ಬೇಕು, ಹಾಗೇ ಮಾತಾಡುತ್ತಾ ಸ್ವಲ್ಪ ತೆಂಗಿನಕಾಯಿ ತುರಿದು ಕೊಡು, ಸ್ವಲ್ಪ ಮೀನು ಮಾಡಿಕೊಡು ಅಂತ ಆಗುತ್ತದೆ. ಅಮ್ಮನಿಗೆ ಕೆಲಸ ಬಿಡಬೇಕು ಅನಿಸುತ್ತಿದ್ದದ್ದು ಈ ಸ್ವಲ್ಪಗಳಿಂದ. ಒಂದು ಮನೆಯಲ್ಲಿ ಹೊತ್ತು ಹೆಚ್ಚಾದರೆ ಮುಂದಿನ ಮನೆಯಲ್ಲಿ ಬೈಗುಳ. ಅತ್ತೆಗೆ ಮೀನು ಮಾಡಿಸಬೇಕಾದರೆ ಅದನ್ನೂ ಹಾಳೆಯಲ್ಲಿ ಬರೆಯಿರಿ, ಅದಕ್ಕೂ ದುಡ್ಡು ಸೇರಿಸಿ.

ಬಾತ್‌ರೂಮಿನ ಬಗ್ಗೆ ಇದನ್ನು ಗಮನ ಇಟ್ಟು ಓದಿ. ಒಂದು ಮನೆಯಲ್ಲಿ ಕಮೋಡಿನ ಹಳದಿ ಕಲೆ ಹೋಗುವುದಿಲ್ಲ ಅಂತ, ಟಾಯ್ಲೆಟ್ ಕ್ಲೀನರ್ ಹಾಕಿ ಅದರ ಮೇಲೆಯೇ ಬ್ಲೀಚಿಂಗ್ ಪೌಡರ್ ಹಾಕಲಿಕ್ಕೆ ಅಮ್ಮನಿಗೆ ಹೇಳಿದರು. ಸಣ್ಣ ಬಾತ್‌ರೂಮು, ಮಳೆ ಅಂತ ಕಿಟಕಿ ಹಾಕಿತ್ತು. ಬುಸ್ ಅಂತ ನೊರೆ ಎದ್ದು ಹೊಗೆ ಬಂತು. ಅಮ್ಮನಿಗೆ ಕಣ್ಣು ಉರಿ, ಎದೆ ಬಿಗಿದು ಉಸಿರು ತೆಗೆಯಲಿಕ್ಕೆ ಆಗಲಿಲ್ಲ. ಗೋಡೆ ಹಿಡಿದುಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಆ ಕೆಮ್ಮು ಎಷ್ಟೋ ದಿನ ಹೋಗಲಿಲ್ಲ. ಹೆಚ್ಚಿನ ಟಾಯ್ಲೆಟ್ ಕ್ಲೀನರಿನಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್. ಬ್ಲೀಚಿಂಗ್ ಪೌಡರಿಗೆ ಅದು ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಎರಡನ್ನೂ ಒಂದೇ ಕಡೆ ಇಡಲೇಬೇಡಿ. ಒಂದನ್ನು ಉಪಯೋಗಿಸಿದರೆ ಚೆನ್ನಾಗಿ ನೀರು ಹೊಡೆದು ತೊಳೆಯುವವರೆಗೆ ಇನ್ನೊಂದು ಮುಟ್ಟಬಾರದು. ಕಿಟಕಿ ತೆಗೆದೇ ಕೆಲಸ ಆಗಬೇಕು. ಇದು ನೀವು ಮಾಡಿದರೂ ಅಷ್ಟೇ, ನಿಮ್ಮ ಮಗಳು ಮಾಡಿದರೂ ಅಷ್ಟೇ.

ರಬ್ಬರ್ ಗ್ಲೌಸು ತೆಗೆದುಕೊಡಿ, ಅವರ ಕೈ ಅಳತೆಯದ್ದು. ದಿನಾ ಸೋಪಿನ ನೀರಿನಲ್ಲಿ ಇದ್ದರೆ ಬೆರಳ ಸಂದಿಯ ಚರ್ಮ ಬಿಳಿಚಿ ಬಿರಿಯುತ್ತದೆ. ಅಮ್ಮ ರಾತ್ರಿ ಅದೇ ಬೆರಳಿನಿಂದ ಬೀಡಿಗೆ ನೂಲು ಸುತ್ತುತ್ತಿದ್ದರು. ಹೊಗೆಸೊಪ್ಪಿನ ಪುಡಿ ಆ ಬಿರುಕಿಗೆ ಹೋಗಿ ಉರಿಯುವಾಗ ಸುಮ್ನೆ ಕೈಯನ್ನು ಗಾಳಿಯಲ್ಲಿ ಆಡಿಸಿ ಮತ್ತೆ ಸುತ್ತುತ್ತಿದ್ದರು. ನೆಲಕ್ಕೆ ಉದ್ದ ಕೋಲಿನ ಮಾಪ್ ಇಡಿ. ಕೂತು ಒರಸಿದರೇ ಚೊಕ್ಕ ಅಂತ ಹೇಳುವ ಅತ್ತೆಯಂದಿರು ತುಂಬಾ ಜನ. ಮೊಣಕಾಲು ನೋವು ಏನು ಅಂತ ನಿಮ್ಮ ಅತ್ತೆಗೆ ಗೊತ್ತುಂಟು, ಅವರು ಹಾಗೆ ಹೇಳಲಿಕ್ಕಿಲ್ಲ.

ಕುಡಿಯಲಿಕ್ಕೆ ನೀವು ಕುಡಿಯುವ ಲೋಟ. ಕೂರಲಿಕ್ಕೆ ಕುರ್ಚಿ. ನಿಮ್ಮ ಟಾಯ್ಲೆಟ್ ಉಜ್ಜುವವರು ಅದನ್ನು ಉಪಯೋಗಿಸಬಹುದು ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ಕೇಳುವುದಿಲ್ಲ. ಅಮ್ಮ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲ, ಯಾಕೆ ಅಂತ ನನಗೆ ದೊಡ್ಡವಳಾದ ಮೇಲೆ ಗೊತ್ತಾಯಿತು.

ಇನ್ನೊಂದು. ಅಮ್ಮನಿಗೆ ಜ್ವರ ಬಂದ ದಿನ ಬದಲಿಗೆ ನಾನು ಹೋಗಿ ಪಾತ್ರೆ ತೊಳೆದು ಬರುತ್ತಿದ್ದೆ. ನಾನಾಗ ಪ್ರೈಮರಿಯಲ್ಲಿದ್ದೆ. ಪಾಪದ ಹುಡುಗಿ ಅಂತ ಬಿಸ್ಕಿಟ್ ಕೊಡುತ್ತಿದ್ದರು, ವಾಪಸ್ ಶಾಲೆಗೆ ಹೋಗು ಅಂತ ಯಾರೂ ಹೇಳಲಿಲ್ಲ. 14 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಮನೆಕೆಲಸಕ್ಕೆ ಇಡುವುದನ್ನು 2006ರಲ್ಲೇ ನಿಷೇಧಿಸಿದ್ದಾರೆ. ಮಗಳನ್ನು ಕಳುಹಿಸುತ್ತೇನೆ ಅಂದರೆ ಬೇಡ ಅನ್ನಿ, ಆ ದಿನದ ಸಂಬಳ ಹಿಡಿಯುವುದಿಲ್ಲ ಅಂತಲೂ ಹೇಳಿ. ಎರಡನೆಯದು ಹೇಳದಿದ್ದರೆ ಮೊದಲನೆಯದು ಹೇಳಿ ಪ್ರಯೋಜನ ಇಲ್ಲ.

ಅಮ್ಮ ಒಂದು ಕೇಳಲಿಕ್ಕೆ ಹೇಳಿದರು. ಹೋದ ಅಕ್ಕನಿಗೆ ಇಷ್ಟು ವರ್ಷದ್ದು ಅಂತ ಏನಾದರೂ ಕೊಟ್ಟಿರಾ?

ಪ್ರಶ್ನೆ ಕೇಳಿದವರು: ಕೊಟ್ಟಾರ

ಎಲ್ಲರಿಗೂ ಧನ್ಯವಾದ. ಬ್ರಹ್ಮಾವರದ ಅಕ್ಕ, ನೀವು ಬರೆದದ್ದನ್ನು ಮಗಳ ಕೈಯಲ್ಲೇ ಜೋರಾಗಿ ಓದಿಸಿದೆ. ಅತ್ತೆಯೂ ಕೂತು ಕೇಳಿದರು.

ಹೋದ ಅಕ್ಕನಿಗೆ ಮಗುವಿನ ತೊಟ್ಟಿಲಿಗೆ ಅಂತ ಸ್ವಲ್ಪ ಕೊಟ್ಟಿದ್ದೆವು. ವರ್ಷಗಳ ಲೆಕ್ಕದಲ್ಲಿ ಕೊಡಬೇಕಾದ್ದು ಅದಲ್ಲ. ವರ್ಷಕ್ಕೆ 15 ದಿನದ ಸಂಬಳ ಅಂತ ಗ್ರಾಚ್ಯುಟಿ ಹಾಕುತ್ತಾರಲ್ಲ, ಅದೇ ಲೆಕ್ಕ ಹಾಕಿದ್ದೇವೆ, ಅವರ ಅಕೌಂಟಿಗೆ ಹೋಗುತ್ತದೆ. ಇವರೂ ಒಪ್ಪಿದರು. ಮೆಷಿನ್ ಸದ್ಯಕ್ಕೆ ಬೇಡ ಅಂತ ಆಯಿತು.

ಹೊಸಬರ ಜೊತೆ ಕೂತು ಮಾತಾಡಿದೆವು. ಅವರು ಮಾಡುವುದು ಒರಸುವುದು, ಎರಡು ಬಾತ್‌ರೂಮು, ಫ್ಯಾನು, ಕಿಟಕಿ, ಮಳೆಗಾಲದಲ್ಲಿ ಗೋಡೆ. ಪಾತ್ರೆ, ಗುಡಿಸುವುದು, ಬಟ್ಟೆ ನಮ್ಮದೇ ಆಗಿ ಉಳಿಯುತ್ತದೆ. ಪಾತ್ರೆ ಇಲ್ಲ ಅಂತ ಸಂಬಳ ಕಡಿಮೆ ಮಾಡಿಲ್ಲ, ಅದೇ 4000ದ ಮೇಲೆ ಬಾತ್‌ರೂಮಿನದ್ದು ಸೇರಿಸಿದ್ದೇವೆ. ಭಾನುವಾರ ರಜೆ. ಕುಂಜಿಬೆಟ್ಟಿನ ಟೀಚರ್ ಹೇಳಿದ ಹಾಗೆ ಪಾತ್ರೆಯ ಜೊತೆ ಬೆಳಿಗ್ಗೆಯ ತಿಂಡಿಯೂ ಗಂಡನ ಪಾಲಿಗೆ ಹೋಗಿದೆ, ಶಿಫ್ಟ್ ಯಾವುದೇ ಇರಲಿ.

ಹೊಸಬರಿಗೆ ನಮ್ಮ ಬ್ಯಾಂಕಿನಲ್ಲೇ ಅಕೌಂಟ್ ಉಂಟು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸುತ್ತೇನೆ, ಅಪಘಾತಕ್ಕೆ 2 ಲಕ್ಷದ್ದು. ಅಸಂಘಟಿತ ಕೆಲಸಗಾರರ ಇ-ಶ್ರಮ್ ನೋಂದಣಿಗೆ ನೋಡಿದೆ, ಆದರೆ ಅವರಿಗೆ ಬೀಡಿಯ ಪಿಎಫ್ ಇನ್ನೂ ನಡೆಯುತ್ತಿದೆ, ಪಿಎಫ್ ಸದಸ್ಯರಿಗೆ ಅದರಲ್ಲಿ ಆಗುವುದಿಲ್ಲ.

ಒಂದು ಮಾತ್ರ ತೀರ್ಮಾನ ಆಗಲಿಲ್ಲ. ಜೋರು ಮಳೆಗೆ ಡಿಸಿಯವರು ಶಾಲೆಗೆ ರಜೆ ಕೊಟ್ಟ ದಿನ ಏನು ಮಾಡುವುದು? ಅವರಿಗೆ ಸಣ್ಣ ಮಕ್ಕಳಿದ್ದಾರೆ. ಬರುತ್ತೇನೆ ಅಂತ ಅವರೇ ಹೇಳುತ್ತಿದ್ದಾರೆ.

ಉತ್ತರ: ಬ್ರಹ್ಮಾವರ

ಬರುತ್ತೇನೆ ಅಂತಲೇ ಹೇಳುತ್ತಾರೆ, ಹೊಸ ಮನೆ ಅಲ್ವಾ. ರಜೆಯ ಸುದ್ದಿ ಬಂದ ಕೂಡಲೇ ನೀವೇ ಫೋನ್ ಮಾಡಿ ಇವತ್ತು ಬೇಡ ಅನ್ನಿ. ಅವರು ಹೊರಡುವ ಮೊದಲು ಮಾಡಿ, ಬಸ್ ಸ್ಟಾಪಿನಲ್ಲಿ ನೆನೆದ ಮೇಲೆ ಹೇಳಿ ಪ್ರಯೋಜನ ಇಲ್ಲ. ಬಿಲ್ಡಿಂಗಿನ ಆ ಇನ್ನೊಂದು ಮನೆಯವರ ಹತ್ತಿರವೂ ನೀವೇ ಮಾತಾಡಿ. ನೀವು ಬೇಡ ಅಂದು, ಅವರು ಬಾ ಅಂದರೆ ಆಕೆ ಮಳೆಯಲ್ಲಿ ಬರಲೇಬೇಕಾಗುತ್ತದೆ. ಸಂಬಳ ಹಿಡಿಯಬೇಡಿ. ವರ್ಷದ ರಜೆಯಲ್ಲೂ ಅದನ್ನು ಸೇರಿಸಬೇಡಿ. ಮರುದಿನ ಬಾತ್‌ರೂಮು ಎರಡೂ ಒಟ್ಟಿಗೆ ಆಗಬೇಕು ಅಂತ ಇಲ್ಲ, ಒಂದು ಅಂದು, ಇನ್ನೊಂದು ಅದರ ಮರುದಿನ.

ಮತ್ತೆ, ಹೋದ ಅಕ್ಕನದ್ದು ಅಮ್ಮನಿಗೆ ಓದಿ ಹೇಳಿದೆ. ಅಕೌಂಟಿಗೆ ಹಾಕಿದರೆ ಸಾಲದಂತೆ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಬೆಳ್ತಂಗಡಿಗೆ ಹೋಗಿ ಮಗು ನೋಡಿ ಬನ್ನಿ ಅಂದರು.